ಅಶರೀರಿಗೆ ಮೇಜಿನ ಮೇಲೇಕೆ ಇಷ್ಟು ಮೋಹ?

ಮಧ್ಯರಾತ್ರಿ. ಪಾಳುಬಿದ್ದ ಮನೆ. ಕೈಯಲ್ಲಿ ಪುಟ್ಟ ಮೀಟರ್ ಹಿಡಿದ ಯೂಟ್ಯೂಬ್ ವೀರನೊಬ್ಬ ಗೋಡೆಯ ಕಡೆ ತಿರುಗಿ, ‘ಇಲ್ಲಿ ಯಾರಾದರೂ ಇದ್ದೀರಾ? ಇದ್ದರೆ ದಯವಿಟ್ಟು ಲೈಟ್ ಹೊತ್ತಿಸಿ’ ಎಂದು ಬೇಡಿಕೊಳ್ಳುತ್ತಾನೆ. ಮೀಟರಿನ ಹಸಿರು, ಹಳದಿ, ಕೆಂಪು ದೀಪಗಳು ಪಟಪಟನೆ ಹೊತ್ತುತ್ತವೆ. ವೀರ ಹೌಹಾರುತ್ತಾನೆ, ಕ್ಯಾಮೆರಾ ನಡುಗುತ್ತದೆ, ಜಾಹೀರಾತು ಬರುತ್ತದೆ.

ಆ ಮೀಟರ್ ಹುಟ್ಟಿದ್ದು ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯಲು. ಗೋಡೆಯೊಳಗಿನ ವೈರು, ಜೇಬಿನಲ್ಲಿರುವ ಮೊಬೈಲು, ಸಹಾಯಕನ ವಾಕಿಟಾಕಿ, ಯಾವುದು ಹತ್ತಿರ ಬಂದರೂ ಅದು ಕಣ್ಣು ಮಿಟುಕಿಸುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಹೊತ್ತಿದರೆ ವೈರಿಂಗ್ ಕೆಟ್ಟಿದೆ ಎಂದರ್ಥ. ಯೂಟ್ಯೂಬರ್ ಕೈಯಲ್ಲಿ ಹೊತ್ತಿದರೆ ಮುತ್ತಜ್ಜಿ ಬಂದಿದ್ದಾಳೆ ಎಂದರ್ಥ. ಆಯುಧ ಕತ್ತರಿಸಲಾರದು, ಬೆಂಕಿ ಸುಡಲಾರದು, ನೀರು ನೆನೆಸಲಾರದು ಎಂದು ನಾವೆಲ್ಲ ಕೇಳುತ್ತ ಬೆಳೆದ ಆತ್ಮ ಕೊನೆಗೆ ಒಂಬತ್ತು ವೋಲ್ಟಿನ ಬ್ಯಾಟರಿಗೆ ಸಿಕ್ಕಿಬಿದ್ದಿದೆ.

ಸತ್ತ ಮಗನ ಫೋಟೊದ ಮುಂದೆ ಕೂತು ಮಾತಾಡುವ ತಾಯಿಯ ತಂಟೆಗೆ ನಾನು ಹೋಗುವುದಿಲ್ಲ. ನನ್ನ ತಕರಾರೆಲ್ಲ ಮೀಟರ್ ಹಿಡಿದವರ ಜತೆ. ಆತ್ಮ ಎಲ್ಲ ಅಳತೆಗೂ ಮೀರಿದ್ದು ಎಂದು ಮೊದಲ ಉಸಿರಿನಲ್ಲಿ ಹೇಳಿ, ಎರಡನೆಯ ಉಸಿರಿನಲ್ಲಿ ಅಳತೆಪಟ್ಟಿ ತೆಗೆಯುವವರು ಇವರು.

ಈ ಗಂಟನ್ನು ಸರಿಯಾಗಿ ಹಿಡಿದು ಜಗ್ಗಿದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ದೇಹ ಜಾಗ ಹಿಡಿಯುವ ವಸ್ತು, ಆತ್ಮ ಬರೀ ಯೋಚಿಸುವ ವಸ್ತು, ಅದಕ್ಕೆ ಉದ್ದಗಲವಿಲ್ಲ ಎಂದು ತತ್ತ್ವಜ್ಞಾನಿ ಡೆಕಾರ್ಟ್ ಸಾರಿದ್ದ. 1643ರ ಮೇ ತಿಂಗಳಲ್ಲಿ ಅವನಿಗೆ ಕಾಗದ ಬರೆದ ಎಲಿಜಬೆತ್ ಕೇಳಿದ್ದಿಷ್ಟು: ತಳ್ಳಬೇಕಾದರೆ ತಾಗಬೇಕು, ತಾಗಬೇಕಾದರೆ ಮೈ ಇರಬೇಕು, ಮೈಯೇ ಇಲ್ಲದ ಆತ್ಮ ದೇಹವನ್ನು ಕದಲಿಸುವುದು ಹೇಗೆ? ಡೆಕಾರ್ಟ್ ಏನೇನೋ ಸಮಾಧಾನ ಹೇಳಿದ. ಅವಳು ಜಗ್ಗಲಿಲ್ಲ. ಜೂನ್ ಕೊನೆಯ ಹೊತ್ತಿಗೆ ಅವನಿಂದ ಬಂದ ಉತ್ತರದ ಸಾರ ಹೀಗಿತ್ತು: ಇಂಥ ಚಿಂತನೆಗೆ ನಾನು ವರ್ಷಕ್ಕೆ ಕೆಲವೇ ಗಂಟೆ ಕೊಡುತ್ತೇನೆ, ಆತ್ಮ ದೇಹಗಳ ಕೂಡಿಕೆ ಅರ್ಥವಾಗುವುದು ದಿನನಿತ್ಯದ ಬದುಕು, ಮಾತುಕತೆಯಿಂದ, ಚಿಂತನೆ ಬದಿಗಿಟ್ಟಾಗ. ಬಿಡಿಸಿ ಹೇಳಿದರೆ, ತಲೆ ಕೆಡಿಸಿಕೊಳ್ಳಬೇಡ ತಾಯಿ. 1649ರಲ್ಲಿ ಆತ ಮಿದುಳಿನ ನಡುವಿನ ಪೀನಿಯಲ್ ಗ್ರಂಥಿಯೇ ಆತ್ಮದ ಮುಖ್ಯ ಪೀಠ ಎಂದು ಅಚ್ಚು ಹಾಕಿಸಿದ. ವಿಳಾಸ ಸಿಕ್ಕಿತು. ಒಳಗಿರುವವರು ಬಾಗಿಲು ತೆಗೆಯುವುದು ಯಾವ ಕೈಯಿಂದ ಎಂಬುದು ಹಾಗೇ ಉಳಿಯಿತು.

ಅಮೆರಿಕದ ಹ್ಯಾವರ್‌ಹಿಲ್ ಊರಿನ ವೈದ್ಯ ಡಂಕನ್ ಮೆಕ್‌ಡೂಗಲ್‌ಗೆ ಇಷ್ಟೆಲ್ಲ ತರ್ಕ ಬೇಕಿರಲಿಲ್ಲ. ತಕ್ಕಡಿ ಇದ್ದರೆ ಸಾಕಿತ್ತು. ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳನ್ನು ಮಂಚದ ಸಮೇತ ತೂಕದ ಯಂತ್ರದ ಮೇಲಿಟ್ಟು ಕಾದ. ಹೆಚ್ಚಾಗಿ ಕ್ಷಯರೋಗಿಗಳನ್ನೇ ಆರಿಸಿದ. ಅವರು ನಿತ್ರಾಣರಾಗಿರುತ್ತಾರೆ, ಮಿಸುಕಾಡಿ ಮುಳ್ಳು ಅಲ್ಲಾಡಿಸುವುದಿಲ್ಲ. ಮೊದಲನೆಯವನು ಕೊನೆಯುಸಿರೆಳೆದಾಗ ತಕ್ಕಡಿಯ ದಂಡ ಟಪ್ಪೆಂದು ಕೆಳಗಿನ ಪಟ್ಟಿಗೆ ಬಡಿಯಿತಂತೆ. ಮುಕ್ಕಾಲು ಔನ್ಸ್ ಕಡಿಮೆ. ನಮ್ಮ ಲೆಕ್ಕದಲ್ಲಿ 21 ಗ್ರಾಂ. ಜಗತ್ತು ಇಂದಿಗೂ ಭಕ್ತಿಯಿಂದ ಜಪಿಸುವ ಆತ್ಮದ ತೂಕ ಇದೊಂದೇ ಮಂಚದ ಮೇಲಿನದು.

ಉಳಿದವರ ಕಥೆ ಯಾರೂ ಹೇಳುವುದಿಲ್ಲ, ಅಲ್ಲಿರುವುದೇ ಸ್ವಾರಸ್ಯ. ಒಟ್ಟು ಆರು ಜನ. ಇಬ್ಬರ ಲೆಕ್ಕವನ್ನು ಅವನೇ ಕೈಬಿಟ್ಟ. ಅದರಲ್ಲೊಬ್ಬ ತಕ್ಕಡಿ ಸರಿಹೊಂದಿಸುವ ಮೊದಲೇ ಹೊರಟುಬಿಟ್ಟಿದ್ದ. ಲೆಕ್ಕಕ್ಕೆ ಉಳಿದವರಲ್ಲಿ ಒಬ್ಬನ ತೂಕ ಸಾಯುವಾಗ ಅರ್ಧ ಔನ್ಸ್ ಇಳಿದು, ಕೆಲವು ನಿಮಿಷ ಬಿಟ್ಟು ಮತ್ತೊಂದು ಔನ್ಸ್ ಇಳಿಯಿತು. ಈ ಆತ್ಮ ಕಂತಿನಲ್ಲಿ ಹೊರಟದ್ದು. ಮತ್ತೊಬ್ಬನದು ಇಳಿದ ತೂಕ ತಿರುಗಿ ಏರಿತು. ಬಹುಶಃ ಏನೋ ಮರೆತು ವಾಪಸು ಬಂದಿರಬೇಕು. ಆಮೇಲೆ ಹದಿನೈದು ನಾಯಿಗಳ ಸರದಿ. ಅವು ಸತ್ತಾಗ ತೂಕ ಒಂದಿಷ್ಟೂ ಇಳಿಯಲಿಲ್ಲವಾಗಿ, ನಾಯಿಗೆ ಆತ್ಮವಿಲ್ಲ ಎಂಬ ತನ್ನ ಎಣಿಕೆಗೆ ಬಲ ಬಂತೆಂದು ಆತ ಖುಷಿಪಟ್ಟ. ಪ್ರಯೋಗಕ್ಕೆಂದು ನಾಯಿ ಕೊಲ್ಲುವವನಿಗೆ ಆತ್ಮವಿದೆ, ನಂಬಿ ಬಾಲ ಅಲ್ಲಾಡಿಸಿದ್ದಕ್ಕೆ ಇಲ್ಲ!

ಇದು 1907ರಲ್ಲಿ ಪ್ರಕಟವಾದಾಗ ಕ್ಲಾರ್ಕ್ ಎಂಬ ಇನ್ನೊಬ್ಬ ವೈದ್ಯ ಆಕ್ಷೇಪ ಎತ್ತಿದ. ಉಸಿರು ನಿಂತರೆ ಶ್ವಾಸಕೋಶ ರಕ್ತವನ್ನು ತಂಪು ಮಾಡುವುದು ನಿಲ್ಲುತ್ತದೆ, ಮೈ ಬಿಸಿಯೇರಿ ಬೆವರುತ್ತದೆ, ಬೆವರು ಆವಿಯಾದರೆ ತೂಕ ಇಳಿಯುತ್ತದೆ, ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ ಎಂದ. ಬೆವರಿನ ಬಗ್ಗೆ ಪ್ರವಚನ ಕೊಡಲು ಯಾರನ್ನೂ ಕರೆಯುವುದಿಲ್ಲ. ಹಾಗಾಗಿ ಕ್ಲಾರ್ಕ್ ಮರೆತುಹೋದ, 21 ಗ್ರಾಂ ಉಳಿಯಿತು.

ತಕ್ಕಡಿಗೆ ಮೊದಲಿನ ಫ್ಯಾಷನ್ ಮೇಜು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಪರಲೋಕದ ಸಮಸ್ತ ನಿವಾಸಿಗಳಿಗೂ ಮರದ ಪೀಠೋಪಕರಣಗಳ ಮೇಲೆ ವಿಪರೀತ ಪ್ರೇಮ ಹುಟ್ಟಿತ್ತು. ಜನ ಸುತ್ತ ಕೂತು ಮೇಜಿನ ಮೇಲೆ ಕೈಯಿಟ್ಟರೆ ಸಾಕು, ಭೂತ, ಭವಿಷ್ಯ ಬಲ್ಲ ಆತ್ಮಗಳು ಬರುತ್ತಿದ್ದವು, ಮೇಜು ತಿರುಗಿಸುತ್ತಿದ್ದವು, ಹೋಗುತ್ತಿದ್ದವು. ಕಾಲರಾ ಹೇಗೆ ಹರಡುತ್ತದೆ ಎಂಬ ಸುಳಿವನ್ನು ಒಂದಾದರೂ ಕೊಡಬಾರದಿತ್ತೇ? 1853ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಇದನ್ನು ನೋಡಲು ಕೂತ. ರಟ್ಟಿನ ತುಂಡುಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಹಚ್ಚಿ, ಮೇಜಿಗೂ ಜನರ ಕೈಗೂ ನಡುವೆ ಇಟ್ಟ. ಮೇಜು ತಾನಾಗಿ ಓಡಿದರೆ ಕೆಳಗಿನ ರಟ್ಟು ಮುಂದೆ ಹೋಗಬೇಕು. ಕೈ ತಳ್ಳಿದರೆ ಮೇಲಿನದು. ಮೇಲಿನದೇ ಮುಂದೆ ಹೋಗಿತ್ತು. ಕೂತವರು ಕಪಟಿಗಳೂ ಆಗಿರಲಿಲ್ಲ, ತಾವೇ ತಳ್ಳುತ್ತಿದ್ದೇವೆಂಬುದು ಪಾಪ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಕೈ ಸರಿದರೆ ತೋರಿಸುವ ಕಡ್ಡಿಯೊಂದನ್ನು ಅವರ ಕಣ್ಣೆದುರೇ ನಿಲ್ಲಿಸಿದ. ಮೇಜು ತಿರುಗುವುದೇ ನಿಂತಿತು. ಅಂದರೆ ಪರಲೋಕದವರು ಸಂಕೋಚ ಸ್ವಭಾವದವರು. ಯಾರಾದರೂ ನೋಡುತ್ತಿದ್ದರೆ ಅವರಿಂದ ಕೆಲಸ ಆಗುವುದಿಲ್ಲ.

ಈಗ ಮೇಜು ಹಳೆಯದಾಯಿತು, ‘ಕ್ವಾಂಟಮ್’ ಬಂದಿದೆ. ಆತ್ಮ ಮಿದುಳಿನ ಒಂದು ನರಕೋಶವನ್ನು ಕದಲಿಸಿದರೂ ಶಕ್ತಿಯ ಜಮಾಖರ್ಚಿನಲ್ಲಿ ಅದು ಎಲ್ಲಾದರೂ ಕಾಣಬೇಕಲ್ಲ ಸ್ವಾಮಿ ಎಂದು ಕೇಳಿದರೆ, ವೇದಿಕೆಯ ಮೇಲಿನವರು ಕಣ್ಣು ಮುಚ್ಚಿ ಆ ಪದ ಉಚ್ಚರಿಸುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಎಲೆಕ್ಟ್ರಾನ್ ಮಾತ್ರ ಬೇಸರಪಟ್ಟುಕೊಳ್ಳುತ್ತದೆ.

ನ್ಯಾಯಾಲಯವೂ ಈ ಉಪದ್ರವದಿಂದ ಪಾರಾಗಲಿಲ್ಲ. ಅರಿಜೋನಾದಲ್ಲಿ ಗಣಿ ಅರಸುತ್ತಿದ್ದ ಜೇಮ್ಸ್ ಕಿಡ್ 1949ರಲ್ಲಿ ಕಾಣೆಯಾದ. ಅವನ ಉಯಿಲಿನಲ್ಲಿ, ಸಾಯುವಾಗ ದೇಹ ಬಿಡುವ ಆತ್ಮಕ್ಕೆ ವೈಜ್ಞಾನಿಕ ಪುರಾವೆ ಹುಡುಕಲು ತನ್ನ ಹಣ ಸಲ್ಲಬೇಕು ಎಂದಿತ್ತು. ಮುಂದೊಂದು ದಿನ ಅದರ ಫೋಟೊ ಕೂಡ ತೆಗೆಯಬಹುದೆಂಬ ಆಶಯವೂ ಇತ್ತು. 1967ರಲ್ಲಿ ವಿಚಾರಣೆಗೆ ಬಂದಾಗ ಹಕ್ಕುದಾರರು ನೂರಕ್ಕೂ ಹೆಚ್ಚು. ಆತ್ಮದ ಗುಟ್ಟು ಇಷ್ಟೊಂದು ಜನಕ್ಕೆ ಗೊತ್ತಿತ್ತೆಂಬುದು ದುಡ್ಡಿನ ಸುದ್ದಿ ಹಬ್ಬುವವರೆಗೆ ಹೊರಬಿದ್ದಿರಲಿಲ್ಲ. ನ್ಯಾಯಾಧೀಶರು ಹಣವನ್ನು ನರವಿಜ್ಞಾನ ಸಂಸ್ಥೆಯೊಂದಕ್ಕೆ ಕೊಟ್ಟರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಗಿ, ಕೊನೆಗೆ ಪರಲೋಕ ಸಂಶೋಧಕರ ಸಂಘದ ಪಾಲಾಯಿತು. ಫೋಟೊ ಇನ್ನೂ ಬಂದಿಲ್ಲ.

ಇವರೆಲ್ಲರಿಗಿಂತ ಪ್ರಾಮಾಣಿಕವಾಗಿ ಪರೀಕ್ಷೆ ಏರ್ಪಡಿಸಿದವರು ವೈದ್ಯ ಸ್ಯಾಮ್ ಪರ್ನಿಯಾ ಮತ್ತು ಸಂಗಡಿಗರು. ಹೃದಯ ನಿಂತು ಬದುಕಿ ಬಂದ ಕೆಲವರು ‘ಮೇಲೆ ತೇಲುತ್ತ ನನ್ನನ್ನೇ ನೋಡಿದೆ’ ಎನ್ನುತ್ತಾರಲ್ಲ, ಸರಿ, ಆಸ್ಪತ್ರೆಗಳಲ್ಲಿ ಚಾವಣಿಯ ಹತ್ತಿರ ಶೆಲ್ಫ್ ಕಟ್ಟಿ, ಮೇಲಿನಿಂದ ಮಾತ್ರ ಕಾಣುವಂತೆ ಚಿತ್ರ ಇಟ್ಟರು. ತೇಲಿದವರು ಚಿತ್ರದಲ್ಲಿ ಏನಿತ್ತೆಂದು ಹೇಳಿದರೆ ಮುಗಿಯಿತು. 2014ರಲ್ಲಿ ಫಲಿತಾಂಶ ಬಂತು: 15 ಆಸ್ಪತ್ರೆಗಳು, 2,060 ಹೃದಯ ಸ್ತಂಭನಗಳು. ಅದರಲ್ಲಿ ಆ ಹೊತ್ತಿನ ಸಂಗತಿಗಳನ್ನು ಕಣ್ಣಾರೆ ಕಂಡೆವೆಂದು ವಿವರ ಕೊಟ್ಟವರು ಇಬ್ಬರೇ. ಆ ಇಬ್ಬರ ಹೃದಯವೂ ನಿಂತದ್ದು ಶೆಲ್ಫ್ ಇಲ್ಲದ ಜಾಗದಲ್ಲಿ.

ಆದ್ದರಿಂದ ಇನ್ನು ಮುಂದೆ ದೇಹ ಬಿಡಲಿರುವ ಆತ್ಮಗಳಲ್ಲಿ ಒಂದು ವಿನಂತಿ. ಹೊರಡುವ ಮುನ್ನ ಶೆಲ್ಫ್ ಇರುವ ವಾರ್ಡಿಗೆ ವರ್ಗ ಮಾಡಿಸಿಕೊಳ್ಳಿ. ತೇಲುವಾಗ ಬಲಗಡೆ ನೋಡಿ, ಚಿತ್ರ ಯಾವುದೆಂದು ಗುರುತಿಟ್ಟುಕೊಳ್ಳಿ. ಮೇಜು ಇದ್ದಲ್ಲೇ ಇರಲಿ, ದಯವಿಟ್ಟು ತಿರುಗಿಸಬೇಡಿ. ಕಂತಿನಲ್ಲಿ ಹೊರಡುವವರು ಮುಂಚಿತವಾಗಿ ತಿಳಿಸತಕ್ಕದ್ದು.