ಪ್ರಭಾವಕ್ಕೆ ಕ್ರಮಾಂಕ: ಅಮೆರಿಕದ ಅಲ್ಪಸಂಖ್ಯಾತ ಕ್ರೀಡಾಪಟುಗಳ ಪಟ್ಟಿ ಬೇಕೆ, ಬೇಡವೆ?

ಅಲ್ಪಸಂಖ್ಯಾತ ಎಂದೊಡನೆ ನಮ್ಮಲ್ಲಿ ಮೊದಲು ನೆನಪಾಗುವುದು ಧರ್ಮ. ಅಮೆರಿಕದಲ್ಲಿ ಅದೇ ಮಾತು ಮೊದಲು ಸೂಚಿಸುವುದು ಜನಾಂಗವನ್ನು. ಆಫ್ರಿಕನ್ ಅಮೆರಿಕನ್ನರು, ಲ್ಯಾಟಿನೊಗಳು, ಏಷ್ಯಾ ಮೂಲದವರು, ಅಲ್ಲಿನ ಮೂಲನಿವಾಸಿಗಳು ಆ ಹೆಸರಿನಡಿ ಬರುತ್ತಾರೆ. 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆ 2003 ಮತ್ತು 2004ರಲ್ಲಿ ಕ್ರೀಡಾರಂಗದ ಅತ್ಯಂತ ಪ್ರಭಾವಿ ಅಲ್ಪಸಂಖ್ಯಾತರು ಎಂದು 101 ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ಕ್ರಮಾಂಕ ಕೊಟ್ಟು ಪಟ್ಟಿ ಪ್ರಕಟಿಸಿತು. ಇಂಥ ಪಟ್ಟಿ ನ್ಯಾಯಕ್ಕೆ ನೆರವಾಗುತ್ತದೆಯೇ ಅಥವಾ ಅದೂ ಒಂದು ಬಗೆಯ ಅನ್ಯಾಯವೇ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಪಕ್ಷಗಳನ್ನು ನಾನೇ ಬರೆದಿದ್ದೇನೆ. ಎರಡರಲ್ಲೂ ನಾನು ನಂಬುವ ಮಾತುಗಳನ್ನಷ್ಟೇ ಇಟ್ಟಿದ್ದೇನೆ, ಆದರೆ ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರ: ಎಣಿಸದಿದ್ದರೆ ಖಾಲಿ ಕುರ್ಚಿ ಕಾಣುವುದಿಲ್ಲ

1972ರ ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಪಂದ್ಯಕ್ಕೆ ಮುನ್ನ ಜಾಕಿ ರಾಬಿನ್‌ಸನ್‌ಗೆ ಸನ್ಮಾನ ನಡೆಯಿತು. ಬಿಳಿಯರಿಗಷ್ಟೇ ಮೀಸಲಾಗಿದ್ದ ಮೇಜರ್ ಲೀಗ್‌ನಲ್ಲಿ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಅಂಗಳಕ್ಕಿಳಿದು ಆ ಗೋಡೆಯನ್ನು ಒಡೆದಿದ್ದ ಆತನಿಗೆ ಆಗ 53 ವರ್ಷ. ತಲೆ ಪೂರ್ತಿ ನರೆತಿತ್ತು, ಸಕ್ಕರೆ ಕಾಯಿಲೆ ಕಣ್ಣಿನ ದೃಷ್ಟಿಯನ್ನು ಬಹುಪಾಲು ಕಿತ್ತುಕೊಂಡಿತ್ತು. ಗೌರವಕ್ಕೆ ಕೃತಜ್ಞತೆ ಹೇಳಿದ ಮೇಲೆ ಆತ ಮಾತನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಮುಂದೊಂದು ದಿನ ಮೂರನೆಯ ಬೇಸ್‌ನ ಗೆರೆಯ ಕಡೆ ನೋಡಿದಾಗ ತಂಡವನ್ನು ನಡೆಸುತ್ತಿರುವ ಒಂದು ಕಪ್ಪು ಮುಖ ಕಂಡರೆ ತನಗೆ ಇದಕ್ಕಿಂತ ಹೆಚ್ಚು ಹೆಮ್ಮೆಯಾಗುತ್ತದೆ ಎಂದ. ಒಂಬತ್ತು ದಿನಗಳ ನಂತರ ತೀರಿಕೊಂಡ. ಮೊದಲ ಕಪ್ಪು ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ತಂಡದ ಮುಖ್ಯ ಕೋಚ್) ಆಗಿ ಫ್ರಾಂಕ್ ರಾಬಿನ್‌ಸನ್ ಕ್ಲೀವ್‌ಲ್ಯಾಂಡ್ ತಂಡವನ್ನು ಮುನ್ನಡೆಸಿದ್ದು 1975ರಲ್ಲಿ.

ಪಟ್ಟಿ ಏಕೆ ಬೇಕು ಎಂಬುದಕ್ಕೆ ಈ ಘಟನೆಗಿಂತ ದೊಡ್ಡ ಸಮರ್ಥನೆ ನನಗೆ ಗೊತ್ತಿಲ್ಲ. ಕಾಲು ಶತಮಾನದುದ್ದಕ್ಕೂ ಕಪ್ಪು ಆಟಗಾರರು ರನ್ನು ಗಳಿಸಿದರು, ಪ್ರಶಸ್ತಿ ಗೆದ್ದರು, ಕ್ರೀಡಾಂಗಣ ತುಂಬಿಸಿದರು. ನೋಡುವವರಿಗೆ ಸಮಾನತೆ ಬಂದೇಬಿಟ್ಟಿತು ಎನ್ನಿಸಿತು. ಆಡುವವರು ಯಾರು ಎಂಬುದು ಟಿ.ವಿ.ಯಲ್ಲಿ ತಾನಾಗಿ ಕಾಣುತ್ತದೆ, ಆದರೆ ಆಟಗಾರನನ್ನು ಕೊಳ್ಳುವವರು, ಮಾರುವವರು, ಕೋಚ್ ಯಾರಾಗಬೇಕೆಂದು ತೀರ್ಮಾನಿಸುವವರು ಯಾರು ಎಂಬುದು ಯಾರಾದರೂ ಎಣಿಸಿ ಮುಂದಿಡುವ ತನಕ ಕಾಣುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಆಟಗಾರರಲ್ಲಿ ಕಪ್ಪು ಜನರೇ ಬಹುಸಂಖ್ಯಾತರಾಗಿ ದಶಕಗಳು ಕಳೆದಿದ್ದರೂ, ರಾಬರ್ಟ್ ಜಾನ್‌ಸನ್ ಎಂಬ ಉದ್ಯಮಿಗೆ ಷಾರ್ಲಟ್ ನಗರದ ಫ್ರಾಂಚೈಸಿ ದೊರೆತು ಕಪ್ಪು ವ್ಯಕ್ತಿಯೊಬ್ಬ ಪ್ರಮುಖ ಲೀಗ್ ತಂಡವೊಂದರ ಮುಖ್ಯ ಒಡೆಯನಾದದ್ದು 2002ರ ಕೊನೆಯಲ್ಲಿ. ಲ್ಯಾಟಿನೊ ಉದ್ಯಮಿ ಆರ್ಟೆ ಮೊರೆನೊ ಏಂಜಲ್ಸ್ ಬೇಸ್‌ಬಾಲ್ ತಂಡವನ್ನು ಕೊಂಡದ್ದು 2003ರಲ್ಲಿ. ಆ ಪತ್ರಿಕೆಯ ಪಟ್ಟಿ ಆಟಗಾರರ ಜೊತೆಗೆ ಇಂಥ ಮಾಲೀಕರನ್ನೂ ಅಧಿಕಾರಿಗಳನ್ನೂ ಸೇರಿಸಿಕೊಂಡು, ಪ್ರಭಾವವೆಂದರೆ ಅಂಗಳದ ಸಾಧನೆಯೊಂದೇ ಅಲ್ಲ ಎಂಬುದನ್ನು ಓದುಗರ ಗಮನಕ್ಕೆ ತಂದಿತು.

ಎಣಿಕೆಯಿಂದ ನಿಯಮವೇ ಹುಟ್ಟಿದ ಉದಾಹರಣೆಯೂ ಇದೆ. 2002ರಲ್ಲಿ ವಕೀಲರಾದ ಜಾನಿ ಕಾಕ್ರನ್ ಮತ್ತು ಸೈರಸ್ ಮೆಹ್ರಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಕಪ್ಪು ಕೋಚ್‌ಗಳ ಸೋಲು-ಗೆಲುವನ್ನೂ ಅವರಿಗೆ ಸಿಕ್ಕ ಅವಕಾಶಗಳನ್ನೂ ಲೆಕ್ಕ ಹಾಕಿ, ಉತ್ತಮ ಫಲಿತಾಂಶ ಕೊಟ್ಟರೂ ಅವರಿಗೆ ಕೆಲಸ ಸಿಗುವುದು ಕಡಿಮೆ, ಹೋಗುವುದು ಬೇಗ ಎಂದು ವರದಿ ಬರೆದರು. ಅದೇ ವರ್ಷದ ಆರಂಭದಲ್ಲಿ ಟೋನಿ ಡಂಗಿ ಎಂಬ ಯಶಸ್ವಿ ಕೋಚ್‌ನನ್ನು ಟ್ಯಾಂಪಾ ಬೇ ತಂಡ ಕೈಬಿಟ್ಟಿತ್ತು. ಮುಖ್ಯ ಕೋಚ್ ಹುದ್ದೆಗೆ ಕನಿಷ್ಠ ಒಬ್ಬ ಅಲ್ಪಸಂಖ್ಯಾತ ಅಭ್ಯರ್ಥಿಯನ್ನಾದರೂ ಸಂದರ್ಶಿಸಲೇಬೇಕೆಂಬ 'ರೂನಿ ನಿಯಮ' 2003ರಿಂದ ಜಾರಿಗೆ ಬಂತು. 2007ರ ಫೆಬ್ರವರಿಯಲ್ಲಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್ ಇದೇ ಡಂಗಿ.

ಅಲ್ಪಸಂಖ್ಯಾತ ಯಾರು ಎಂಬ ವ್ಯಾಖ್ಯಾನವೇ ಅಸ್ಪಷ್ಟ ಎಂಬ ಆಕ್ಷೇಪವಿದೆ. 1947ಕ್ಕೆ ಮುಂಚೆ ಬೇಸ್‌ಬಾಲ್ ತಂಡಗಳ ಮಾಲೀಕರಿಗೆ ಯಾರನ್ನು ಹೊರಗಿಡಬೇಕೆಂಬ ವಿಷಯದಲ್ಲಿ ಗೊಂದಲವೇನೂ ಇರಲಿಲ್ಲ. ಹೊರಗೆ ದೂಡುವಾಗ ವ್ಯಾಖ್ಯಾನಕ್ಕೆ ತಡಕಾಡದಿದ್ದವರು ಒಳಗೆ ಬಂದವರನ್ನು ಎಣಿಸುವಾಗ ಮಾತ್ರ ವ್ಯಾಖ್ಯಾನ ಕೇಳುವುದು ನ್ಯಾಯವಲ್ಲ.

ವಿರೋಧ: ಮನುಷ್ಯನಿಗಿಂತ ಮೊದಲು ಕಾಲಂ

ಕುರ್ಚಿಗಳನ್ನು ಎಣಿಸುವುದು ಒಂದು ಕೆಲಸ, ಮನುಷ್ಯರಿಗೆ ಕ್ರಮಾಂಕ ಕೊಡುವುದು ಇನ್ನೊಂದು. ಕಾಕ್ರನ್ ಮತ್ತು ಮೆಹ್ರಿ ಮಾಡಿದ್ದು ಮೊದಲನೆಯದನ್ನು. ಯಾವ ಕಪ್ಪು ಕೋಚ್ ಎಷ್ಟನೆಯ ದೊಡ್ಡ ಮನುಷ್ಯ ಎಂದು ಅವರು ತೂಗಲಿಲ್ಲ. ಅವರ ವರದಿಯ ಪುಣ್ಯವನ್ನು ಕ್ರಮಾಂಕದ ಪಟ್ಟಿಗಳ ಖಾತೆಗೆ ಜಮಾ ಮಾಡುವಂತಿಲ್ಲ.

ಪಟ್ಟಿ ಮಾಡುವವನು ಮೊದಲು ಯಾರು ಯಾವ ಗುಂಪಿನವರು ಎಂದು ನಿರ್ಧರಿಸಬೇಕು. ಕಷ್ಟ ಆರಂಭವಾಗುವುದೇ ಅಲ್ಲಿ. ಟೈಗರ್ ವುಡ್ಸ್ 1997ರಲ್ಲಿ ತನ್ನ 21ನೆಯ ವಯಸ್ಸಿಗೆ ಅಗಸ್ಟಾದ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿಯನ್ನು 12 ಸ್ಟ್ರೋಕ್‌ಗಳ ಅಂತರದಿಂದ ಗೆದ್ದಾಗ ಪತ್ರಿಕೆಗಳು ಆತನನ್ನು ಮಾಸ್ಟರ್ಸ್ ಗೆದ್ದ ಮೊದಲ ಕಪ್ಪು ಆಟಗಾರ ಎಂದು ಕೊಂಡಾಡಿದವು. ಅದೇ ತಿಂಗಳು ಓಪ್ರಾ ವಿನ್‌ಫ್ರೀ ಕಾರ್ಯಕ್ರಮದಲ್ಲಿ ಆತ, ಬಾಲ್ಯದಲ್ಲಿ ತನಗಾಗಿ ತಾನೇ ಕಟ್ಟಿಕೊಂಡಿದ್ದ 'ಕ್ಯಾಬ್ಲಿನೇಷಿಯನ್' ಎಂಬ ಪದವನ್ನು ಹೇಳಿದ. ಬಿಳಿಯ, ಕಪ್ಪು, ಅಮೆರಿಕದ ಮೂಲನಿವಾಸಿ, ಏಷ್ಯನ್ ಎಂಬ ನಾಲ್ಕನ್ನೂ ಬೆಸೆದ ಪದ ಅದು. ತಾಯಿ ಥಾಯ್ಲೆಂಡಿನವರು, ತನ್ನನ್ನು ಬರಿಯ ಕಪ್ಪು ಎಂದರೆ ತಾಯಿಯನ್ನು ಅಳಿಸಿದಂತೆ ಎಂಬುದು ಆತನ ಸಂಕಟವಾಗಿತ್ತು. ಅನೇಕರು ಅದನ್ನು ನುಣುಚಿಕೊಳ್ಳುವಿಕೆ ಎಂದು ಟೀಕಿಸಿದರು. ನನಗೆ ಹಾಗೆನ್ನಿಸುವುದಿಲ್ಲ. ಹೆತ್ತವರಿಬ್ಬರನ್ನೂ ಬಿಟ್ಟುಕೊಡಲಾರದ ಮಗನಿಗೆ ಒಂದೇ ಕಾಲಮ್ಮಿನಲ್ಲಿ ಗುರುತು ಹಾಕು ಎನ್ನುವುದು ಕ್ರೌರ್ಯ.

ಕಾಲಮ್ಮುಗಳಾದರೂ ಸ್ಥಿರವೇ? ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವವಿಲ್ಲ ಎಂದಿತು. 1970ರ ಜನಗಣತಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಿತು. 1980ರ ಗಣತಿಯಲ್ಲಿ 'ಏಷ್ಯನ್ ಇಂಡಿಯನ್' ಎಂಬ ಹೊಸ ಕಾಲಂ ಬಂತು. ಅಲ್ಲಿ ನೆಲೆಸಿದ್ದ ಕನ್ನಡಿಗ ಕುಟುಂಬವೊಂದು ಅದೇ ಮನೆಯಲ್ಲಿ ಅದೇ ಸಾರು ಅನ್ನ ಉಣ್ಣುತ್ತ ಹತ್ತು ವರ್ಷಗಳಲ್ಲಿ ಬಹುಸಂಖ್ಯಾತರಿಂದ ಅಲ್ಪಸಂಖ್ಯಾತರಾಯಿತು. ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗಗಳಿಗೆ ಗುರುತು ಹಾಕಲು ಅವಕಾಶ ಸಿಕ್ಕಿದ್ದು 2000ದ ಗಣತಿಯಲ್ಲಿ. ಷಾಂಘೈಯಲ್ಲಿ ಹುಟ್ಟಿ ಬೆಳೆದು, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2002ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿ ಆಯ್ಕೆಯಾಗಿ ಹ್ಯೂಸ್ಟನ್‌ಗೆ ಬಂದ ಯಾವ್ ಮಿಂಗ್‌ನನ್ನು ಅಮೆರಿಕದ ಅಲ್ಪಸಂಖ್ಯಾತ ಎನ್ನಬೇಕೆ, ವಿದೇಶಿ ಆಟಗಾರ ಎನ್ನಬೇಕೆ ಎಂಬುದಕ್ಕೂ ಒಪ್ಪಿತವಾದ ಉತ್ತರವಿಲ್ಲ.

ರಾಬರ್ಟೊ ಕ್ಲಮೆಂಟೆಯ ವಿಷಯ ಇನ್ನೂ ನೋವಿನದು. ಪೋರ್ಟೊ ರಿಕೊದಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್ ಪರ ಆಡಿದ ಈ ಮಹಾನ್ ಬೇಸ್‌ಬಾಲ್ ಆಟಗಾರ ಮೈಬಣ್ಣದಿಂದ ಕಪ್ಪು, ಭಾಷೆಯಿಂದ ಸ್ಪ್ಯಾನಿಷ್. 1960ರ ದಶಕದ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದರೆ, ಆತನ ಚಿತ್ರದ ಜೊತೆಗೆ ಅಚ್ಚಾಗಿರುವುದು ರಾಬರ್ಟೊ ಅಲ್ಲ, ಬಾಬ್. ತನ್ನ ಹೆಸರು ರಾಬರ್ಟೊ ಎಂದು ಆತ ಹೇಳುತ್ತಲೇ ಇದ್ದ. 1971ರ ವರ್ಲ್ಡ್ ಸೀರೀಸ್ ಗೆದ್ದ ಗಳಿಗೆಯಲ್ಲಿ ಟಿ.ವಿ. ಮೈಕಿನ ಮುಂದೆ ನಿಂತು, ಇಂಗ್ಲಿಷಿನಲ್ಲಿ ಉತ್ತರಿಸುವ ಮೊದಲು ಸ್ಪ್ಯಾನಿಷಿನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಬೇಡಿದ. ಮರುವರ್ಷ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದಾಗ ವಿಮಾನ ಬಿದ್ದು ಸತ್ತ. ಇಂಥವನನ್ನು ಕಪ್ಪು ಜನರ ಸಾಲಿನಲ್ಲಿಡಬೇಕೋ ಲ್ಯಾಟಿನೊಗಳ ಸಾಲಿನಲ್ಲಿಡಬೇಕೋ ಎಂದು ಕೇಳುವುದೂ ಆತನ ಹೆಸರನ್ನು ಬಾಬ್ ಎಂದು ತಿದ್ದಿದ ಅದೇ ಮನೋಭಾವದ ಮುಂದುವರಿಕೆ ಎಂದು ನಾನು ಭಾವಿಸುತ್ತೇನೆ.

ಇನ್ನು ಪ್ರಭಾವದ ಅಳತೆ. ವರ್ಷಕ್ಕೊಮ್ಮೆ ಮಾಡುವ ಪಟ್ಟಿಗೆ ಸುಲಭವಾಗಿ ಸಿಗುವುದು ಆ ವರ್ಷದ ಹಣ, ಹುದ್ದೆ, ಒಪ್ಪಂದಗಳು. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನ 200 ಮೀಟರ್ ಓಟದ ಪದಕ ವೇದಿಕೆಯಲ್ಲಿ ಒಂದೇ ಜೊತೆ ಕಪ್ಪು ಕೈಗವಸನ್ನು ಹಂಚಿಕೊಂಡು, ಒಬ್ಬ ಬಲಗೈ, ಇನ್ನೊಬ್ಬ ಎಡಗೈ ಎತ್ತಿ ಜನಾಂಗೀಯ ಅನ್ಯಾಯವನ್ನು ಪ್ರತಿಭಟಿಸಿ ನಿಂತ ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ತಂಡದಿಂದ ಹೊರಬಿದ್ದು ಊರಿಗೆ ಮರಳಿದರು. ಆ ವರ್ಷದ ಕೊನೆಯಲ್ಲಿ ಅವರ ಕೈಯಲ್ಲಿ ಅಧಿಕಾರವೆಂಬುದು ಏನೂ ಇರಲಿಲ್ಲ.

ನನ್ನನ್ನು ಹೆಚ್ಚು ಕಾಡುವವನು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಈ ಕಪ್ಪು ಆಟಗಾರನನ್ನು 1969ರಲ್ಲಿ ಫಿಲಡೆಲ್ಫಿಯಾಕ್ಕೆ ವರ್ಗ ಮಾಡಿದಾಗ ಆತ ಹೋಗಲಿಲ್ಲ. ಹನ್ನೆರಡು ವರ್ಷ ಆಡಿದ ಮೇಲೆ ತನ್ನ ಇಚ್ಛೆಯನ್ನೇ ಕೇಳದೆ ಕೊಂಡು ಮಾರುವ ಸೊತ್ತು ತಾನಲ್ಲ ಎಂದು ಬೇಸ್‌ಬಾಲ್ ಕಮಿಷನರ್‌ಗೆ ಕಾಗದ ಬರೆದ. ಮೊಕದ್ದಮೆ ಹೂಡಿದ್ದರಿಂದ 1970ರ ಋತುವನ್ನು ಪೂರ್ತಿ ಕಳೆದುಕೊಂಡ, ಮರುವರ್ಷ 13 ಪಂದ್ಯ ಆಡಿ ಆಟವನ್ನೇ ಬಿಟ್ಟ. 1972ರಲ್ಲಿ ಸುಪ್ರೀಂ ಕೋರ್ಟ್ 5-3 ಮತಗಳಿಂದ ಆತನ ವಿರುದ್ಧ ತೀರ್ಪು ನೀಡಿತು. ಆಟಗಾರರಿಗೆ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯದ ಬಾಗಿಲು ತೆರೆದದ್ದು 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥರೊಬ್ಬರ ತೀರ್ಪಿನಿಂದ. ಅದನ್ನು ಗೆದ್ದ ಇಬ್ಬರು ಆಟಗಾರರೂ ಬಿಳಿಯರು. ಆತ ಸೋತ ಹೋರಾಟದ ಫಲ ಎಲ್ಲ ಬಣ್ಣದ ಆಟಗಾರರಿಗೂ ಸಿಕ್ಕಿತು, ಆದ್ದರಿಂದ ಅದನ್ನು ಅಲ್ಪಸಂಖ್ಯಾತರ ಪ್ರಭಾವ ಎಂದು ಬೇರೆ ಕಟ್ಟಿಡಲು ಬರುವುದಿಲ್ಲ. 1998ರಲ್ಲಿ ಅಮೆರಿಕದ ಕಾಂಗ್ರೆಸ್ ಆಟಗಾರರ ಪರವಾಗಿ ಆತನ ಹೆಸರಿನಲ್ಲೇ ಕಾಯಿದೆ ಮಾಡಿತು. ಅಷ್ಟು ಹೊತ್ತಿಗೆ ಫ್ಲಡ್ ತೀರಿಕೊಂಡು ಒಂದೂವರೆ ವರ್ಷ ದಾಟಿತ್ತು.