ಸತ್ಯಾಂಶ: ‘ಎಲ್‌ವಿ’ ತಲೆಕೆಳಗಾಗಿದ್ದರೆ ಬ್ಯಾಗ್ ನಕಲಿಯೇ?

“ಲೂಯಿ ವಿಟಾನ್ ಬ್ಯಾಗಿನಲ್ಲಿ ‘ಎಲ್‌ವಿ’ ತಲೆಕೆಳಗಾಗಿದ್ದರೆ ನಕಲಿ. ‘ಮೇಡ್ ಇನ್ ಫ್ರಾನ್ಸ್’ ಇಲ್ಲದಿದ್ದರೂ ನಕಲಿ. ಅನುಮಾನವಿದ್ದರೆ ಲೈಟರ್ ಹಿಡಿಯಿರಿ, ಅಸಲಿ ಚರ್ಮ ಸುಡುವುದಿಲ್ಲ.” ಫ್ರಾನ್ಸಿನ ದುಬಾರಿ ಬ್ಯಾಗ್ ಕಂಪನಿ ಲೂಯಿ ವಿಟಾನ್ (‘ಎಲ್‌ವಿ’) ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಈ ಸಂದೇಶದ ಮೂರೂ ಮಾತು ತಪ್ಪು.

ಮೊದಲನೆಯದನ್ನೇ ನೋಡಿ. ಸ್ಪೀಡಿ, ಕೀಪಾಲ್‌ನಂಥ ಹಳೆಯ ಮಾದರಿಗಳನ್ನು ಒಂದೇ ಅಖಂಡ ತುಂಡಿನಿಂದ ಹೊಲಿಯುತ್ತಾರೆ. ಅದು ಮುಂಬದಿಯಿಂದ ಇಳಿದು, ತಳವನ್ನು ಸುತ್ತಿ, ಹಿಂಬದಿಗೆ ಏರುತ್ತದೆ. ಹಾಗಾಗಿ ಮುಂದೆ ನೆಟ್ಟಗಿರುವ ಅಕ್ಷರ ಹಿಂದೆ ತಲೆಕೆಳಗಾಗಲೇಬೇಕು. ಈ ಮಾದರಿಗಳಲ್ಲಿ ಎರಡೂ ಬದಿ ನೆಟ್ಟಗಿದ್ದು ತಳದಲ್ಲಿ ಜೋಡಣೆಯ ಹೊಲಿಗೆ ಕಂಡರೆ, ಆಗ ಅನುಮಾನಪಡಿ.

ಎರಡನೆಯದು: ಕಂಪನಿಯ ಕಾರ್ಖಾನೆಗಳು ಫ್ರಾನ್ಸ್ ಅಲ್ಲದೆ ಸ್ಪೇನ್, ಇಟಲಿ, ಅಮೆರಿಕದಲ್ಲೂ ಇವೆ. ಹಾಗಾಗಿ ಅಸಲಿ ಬ್ಯಾಗಿನಲ್ಲೂ ‘ಮೇಡ್ ಇನ್ ಫ್ರಾನ್ಸ್’ ಇಲ್ಲದಿರಬಹುದು.

ಲೈಟರ್ ಪರೀಕ್ಷೆಯಂತೂ ಶುದ್ಧ ಅವಿವೇಕ. 1896ರಲ್ಲಿ ರೂಪುಗೊಂಡ ‘ಎಲ್‌ವಿ’ ಅಕ್ಷರ, ಹೂಗಳ ಆ ಪ್ರಸಿದ್ಧ ಮೊನೊಗ್ರಾಮ್ ಚಿತ್ತಾರವಿರುವ ಕಂದು ಭಾಗ ಚರ್ಮವೇ ಅಲ್ಲ. ಪ್ಲಾಸ್ಟಿಕ್ ಲೇಪನದ ಕ್ಯಾನ್ವಾಸ್. ಬೆಂಕಿ ತಗುಲಿದರೆ ಅಸಲಿಯೂ ಹಾಳಾಗುತ್ತದೆ. ಚರ್ಮವಿರುವುದು ಹಿಡಿಕೆ, ಅಂಚುಪಟ್ಟಿಗಳಲ್ಲಿ. ಹೊಸದರಲ್ಲಿ ತಿಳಿ ಬಣ್ಣದ ಅದು ಬಳಸುತ್ತ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹತ್ತು ವರ್ಷ ಬಳಸಿದ್ದು ಎನ್ನುವ ಬ್ಯಾಗಿನ ಹಿಡಿಕೆ ಇನ್ನೂ ಬೆಳ್ಳಗಿದ್ದರೆ, ಏಕೆಂದು ಕೇಳಿ.

ಬ್ಯಾಗು ಎಲ್ಲಿ, ಯಾವಾಗ ತಯಾರಾಯಿತೆಂದು ಸೂಚಿಸುವ ಒಳಗಿನ ಅಚ್ಚಿನ ಸಂಕೇತವನ್ನೂ ನಂಬಿ ಕೂರಬೇಡಿ. ಅದನ್ನು ನಕಲಿಯವರೂ ಒತ್ತಬಲ್ಲರು. 2021ರಿಂದ ಕಂಪನಿ ಅದರ ಬದಲು ಮೈಕ್ರೋಚಿಪ್ ಅಳವಡಿಸುತ್ತಿದೆ. ಹೊಸ ಬ್ಯಾಗುಗಳನ್ನು ಅದು ಸ್ವಂತ ಮಳಿಗೆ ಮತ್ತು ಜಾಲತಾಣದಲ್ಲಷ್ಟೇ ಮಾರುತ್ತದೆ, ರಿಯಾಯಿತಿ ಮಾರಾಟ ನಡೆಸುವುದಿಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ‘ಹೊಚ್ಚಹೊಸದು, ಅರ್ಧ ಬೆಲೆ’ ಎಂದವರ ಬ್ಯಾಗಿನ ಹೊಲಿಗೆ ಎಣಿಸುವ ಅಗತ್ಯವೇ ಇಲ್ಲ.