ಬಿ.ಕಾಂ. ವಿಥ್ ಎಲ್ಲಾ

ಸೆಕೆಂಡ್ ಪಿಯು ರಿಸಲ್ಟ್ ಬಂದ ಮಾರನೇ ದಿನ ಬೆಂಗಳೂರಿನ ವಿಜಯನಗರದಲ್ಲೋ ಬಸವನಗುಡಿಯಲ್ಲೋ ಒಂದು ರೌಂಡ್ ಹಾಕಿ ಬನ್ನಿ. ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ಪಕ್ಕಕ್ಕೆ ತಳ್ಳಿ ಕಾಮರ್ಸ್ ಕಾಲೇಜುಗಳು ನಿಂತಿರುತ್ತವೆ. ಹಿಂದೆಲ್ಲ ಬಿ.ಕಾಂ. ಅಂದರೆ ಬಿ.ಕಾಂ. ಅಷ್ಟೇ. ಈಗ ಬರೀ ಬಿ.ಕಾಂ. ಅಂದರೆ ಮದುವೆ ಮನೆಗೆ ಬರಿಗೈಲಿ ಹೋದ ಹಾಗೆ. ಬಿ.ಕಾಂ. ವಿಥ್ ಸಿ.ಎ., ವಿಥ್ ಎ.ಸಿ.ಸಿ.ಎ., ವಿಥ್ ಸಿ.ಎಂ.ಎ., ವಿಥ್ ಫಿನ್‌ಟೆಕ್, ವಿಥ್ ಡೇಟಾ ಅನಲಿಟಿಕ್ಸ್. ಈಗೀಗ ಎಲ್ಲದರ ಬಾಲಕ್ಕೂ ಎ.ಐ. ಅಂಟಿಸುತ್ತಿದ್ದಾರೆ. ಕೋರ್ಸಿನ ಹೆಸರು ಪೂರ್ತಿ ಓದುವಷ್ಟರಲ್ಲಿ ಸಿಗ್ನಲ್ ಹಸಿರಾಗಿ ಹಿಂದಿನ ಆಟೋದವನು ಬೈಯುತ್ತಾನೆ.

ಪ್ರತಿ ಫ್ಲೆಕ್ಸಿನಲ್ಲೂ ಕನ್ನಡಕದ ಒಬ್ಬಳು ಹುಡುಗಿ ನಗುತ್ತಿರುತ್ತಾಳೆ. ರ‍್ಯಾಂಕ್ ಬಂದವಳು. ಸ್ವಲ್ಪ ಮುಂದೆ ಹೋದರೆ ಇನ್ನೊಂದು ಸಂಸ್ಥೆಯ ಫ್ಲೆಕ್ಸಿನಲ್ಲೂ ಅದೇ ಹುಡುಗಿ, ಅದೇ ನಗು. ಸರ್ಕಲ್ ದಾಟಿದರೆ ಮತ್ತೊಂದು. ಪಾಪ, ಅವಳು ಮನೆಯಲ್ಲೇ ಕೂತು ಓದಿರಲಿಕ್ಕೂ ಸಾಕು.

ಡಿಗ್ರಿ ಜೊತೆಗೆ ಫ್ರೀ ಸಿಗುವ ಹಾಗೆ ಬರೆದಿರುವ ಈ ಸಿ.ಎ. ಯಾರ ಕೈಯಲ್ಲಿದೆ? ಕಾಲೇಜಿನ ಕೈಯಲ್ಲಂತೂ ಇಲ್ಲ. ಅದನ್ನು ಕೊಡುವುದು ದೇಶದಲ್ಲಿ ಒಂದೇ ಸಂಸ್ಥೆ. 1949ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್. ಪಿಯು ಮುಗಿಸಿದವರು ನೇರವಾಗಿ ಅದರ ಫೌಂಡೇಶನ್ ಪರೀಕ್ಷೆಗೆ ಕೂರಬಹುದು. ಆಮೇಲೆ ಇಂಟರ್, ಫೈನಲ್. ಸಿ.ಎ. ಆಗಲು ಡಿಗ್ರಿಯೇ ಬೇಕಿಲ್ಲ. ಈ ಮಾತನ್ನು ಕಾಲೇಜಿನವರು ಹೇಳುವುದಿಲ್ಲ, ಅಪ್ಪ ಅಮ್ಮ ಕೇಳುವುದಿಲ್ಲ.

ನಡುವೆ ಎರಡು ವರ್ಷ ಆರ್ಟಿಕಲ್‌ಶಿಪ್ ಅನ್ನುವ ತರಬೇತಿ ಇದೆ. ಆಡಿಟರ್ ಆಫೀಸಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಜಿ.ಎಸ್.ಟಿ. ರಿಟರ್ನ್ ಹಾಕಬೇಕು, ವೋಚರಿಗೆ ಟಿಕ್ ಹೊಡೆಯಬೇಕು. ಇತ್ತ ಯೂನಿವರ್ಸಿಟಿ 75 ಪರ್ಸೆಂಟ್ ಹಾಜರಿ ಕೇಳುತ್ತದೆ. ಒಬ್ಬನೇ ಹುಡುಗ ಒಂದೇ ಹೊತ್ತಿಗೆ ಎರಡು ಕಡೆ ಇರುವುದು ಹೇಗೆ ಅಂತ ಕೇಳಿದರೆ, ಕೌಂಟರಿನವರು ದೇವಸ್ಥಾನದ ಅರ್ಚಕರಷ್ಟು ಶಾಂತವಾಗಿ "ಅಟೆಂಡೆನ್ಸ್ ನಾವು ನೋಡ್ಕೋತೀವಿ ಸರ್" ಅನ್ನುತ್ತಾರೆ. ನಾಳೆ ಕಂಪನಿಗಳ ಲೆಕ್ಕ ಸರಿಯಿದೆ ಅಂತ ಸಹಿ ಹಾಕಬೇಕಾದವನ ಮೊದಲ ಪಾಠ ಇದು.

ಎ.ಸಿ.ಸಿ.ಎ. ಕಥೆ ಇನ್ನೂ ಚೆನ್ನಾಗಿದೆ. ಅದು ಬ್ರಿಟನ್ನಿನ ಅಕೌಂಟೆಂಟ್ ಪರೀಕ್ಷೆ, ಫೀಸು ಪೌಂಡಿನಲ್ಲಿ. ಒಟ್ಟು 13 ಪತ್ರಿಕೆ. ಅವರು ಒಪ್ಪಿದ ಡಿಗ್ರಿ ಇದ್ದರೆ 9ರ ತನಕ ವಿನಾಯಿತಿ ಉಂಟು. ವಿನಾಯಿತಿ ಸಿಕ್ಕಿತು ಅಂತ ಕುಣಿಯಬೇಡಿ, ವಿನಾಯಿತಿಗೂ ಫೀಸಿದೆ. ಬರೆಯದ ಪರೀಕ್ಷೆಗೆ ದುಡ್ಡು ಕಟ್ಟುವ ಈ ಉಪಾಯ ನಮ್ಮ ಯೂನಿವರ್ಸಿಟಿಗಳಿಗೆ ಇಷ್ಟು ವರ್ಷ ಹೊಳೆಯಲಿಲ್ಲ ಅನ್ನುವುದೇ ಆಶ್ಚರ್ಯ. ಪರೀಕ್ಷೆ ಒಳ್ಳೆಯದೇ, ಬೆಂಗಳೂರಿನ ವಿದೇಶಿ ಕಂಪನಿಗಳು ಅದನ್ನು ಕೇಳಿ ಕೆಲಸಕ್ಕೆ ತಗೊಳ್ಳುವುದೂ ನಿಜ. ಆದರೆ ಅದೊಂದನ್ನೇ ಹಿಡಿದು ಭಾರತದ ಕಂಪನಿಯೊಂದರ ಶಾಸನಬದ್ಧ ಆಡಿಟ್‌ಗೆ ಸಹಿ ಹಾಕಲು ಬರುವುದಿಲ್ಲ. ಫ್ಲೆಕ್ಸಿನಲ್ಲಿ ಜಾಗ ಸಾಲದೆ ಆ ಸಾಲು ಬಿಟ್ಟುಹೋಗಿರಬೇಕು.

ನಾನಂತೂ ಒಂದು ಮಾತು ಒಪ್ಪುತ್ತೇನೆ: ಈ ಕಾಲೇಜುಗಳಲ್ಲಿ ಫೈನಾನ್ಸನ್ನು ಬಹಳ ಚೆನ್ನಾಗಿ ಕಲಿಸುತ್ತಾರೆ. ಕ್ಲಾಸಿನಲ್ಲಿ ಅಲ್ಲ, ಅಡ್ಮಿಷನ್ ಕೌಂಟರಿನಲ್ಲಿ. ಮೇ ತಿಂಗಳ ಸೆಕೆಯಲ್ಲಿ ಬ್ಲೇಜರ್ ಹಾಕಿ ಕೂತ ಕೌನ್ಸೆಲರ್ ಅಲ್ಲಿಯ ನಿಜವಾದ ಪ್ರೊಫೆಸರ್.

"ಸರ್, ಸೀಟು ಬ್ಲಾಕ್ ಮಾಡೋಕೆ ಇವತ್ತೇ ಇಪ್ಪತ್ತೈದು ಸಾವಿರ ಕಟ್ಟಿಬಿಡಿ. ನಾಳೆ ಫೀಸು ಜಾಸ್ತಿ ಆಗುತ್ತೆ."

"ಆಮೇಲೆ ಬೇಡ ಅನ್ನಿಸಿದ್ರೆ?"

"ನಾನ್ ರಿಫಂಡಬಲ್ ಸರ್."

ಇವತ್ತಿನ ರೂಪಾಯಿಗೂ ನಾಳೆಯ ರೂಪಾಯಿಗೂ ಇರುವ ವ್ಯತ್ಯಾಸ, ಆಯ್ಕೆ ಕಾದಿರಿಸಲು ತೆರುವ ಆಪ್ಷನ್ ಪ್ರೀಮಿಯಂ, ಮುಳುಗಿದ ದುಡ್ಡಿನ ತತ್ವ, ಮೂರೂ ಎರಡೇ ನಿಮಿಷದಲ್ಲಿ ಮುಗಿದವು. ಯು.ಜಿ.ಸಿ.ಯ ರಿಫಂಡ್ ನಿಯಮ ಬೇರೆಯೇ ಹೇಳುತ್ತದೆ. ಪ್ರವೇಶದ ಕೊನೇ ದಿನಾಂಕಕ್ಕೆ 15 ದಿನ ಮುಂಚೆ ಬಿಟ್ಟರೆ ಒಂದಿಷ್ಟು ಪ್ರೊಸೆಸಿಂಗ್ ಚಾರ್ಜ್ ಹಿಡಿದು ಉಳಿದದ್ದೆಲ್ಲ ವಾಪಸ್ ಕೊಡಬೇಕು. ಪೂರ್ತಿ ಸೊನ್ನೆಯಾಗುವುದು ಆ ದಿನಾಂಕ ಕಳೆದು 30 ದಿನ ದಾಟಿದ ಮೇಲೆ. ಆ ಸುತ್ತೋಲೆಯನ್ನು ಕೌಂಟರಿನ ಗಾಜಿಗೆ ಅಂಟಿಸಲು ಗೋಂದು ಸಿಕ್ಕಿಲ್ಲವಂತೆ.

"ಪ್ಲೇಸ್‌ಮೆಂಟ್ ಹೇಗಮ್ಮಾ?"

"ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಸರ್!"

ನೂರಕ್ಕೆ ನೂರು ಇರುವುದು ಸಹಾಯ. ಅಪ್ಪನ ಕಿವಿಗೆ ಬೀಳುವುದು ಕೆಲಸ. ಬ್ರೋಷರ್ ತೆಗೆದರೆ ಅತಿ ಹೆಚ್ಚಿನ ಪ್ಯಾಕೇಜ್ ಎಷ್ಟು ಅನ್ನುವುದು ದಪ್ಪಕ್ಷರದಲ್ಲಿದೆ. ನಡುಮಧ್ಯದ ಹುಡುಗನಿಗೆ ಎಷ್ಟು ಸಿಕ್ಕಿತು ಅನ್ನುವುದು ಎಲ್ಲೂ ಇಲ್ಲ. ಮೀಡಿಯನ್ ಅಂದರೇನು ಅಂತ ಅದೇ ಕಾಲೇಜಿನ ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಯುತ್ತಾರೆ. ಬ್ರೋಷರ್ ಮಾಡುವವರು ಆ ಕ್ಲಾಸಿಗೆ ಚಕ್ಕರ್ ಹೊಡೆದಿದ್ದಾರೆ. ಅವರ ಅಟೆಂಡೆನ್ಸನ್ನೂ ಯಾರೋ ನೋಡ್ಕೊಂಡಿರಬೇಕು.

ತಿಂಗಳಿಗೆ ಐನೂರು ರೂಪಾಯಿ ಕಂತಿನ ಎಸ್.ಐ.ಪಿ. ಮಾರುವವನೂ ಟಿ.ವಿ.ಯಲ್ಲಿ "ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿವೆ" ಅಂತ ಉಸಿರುಗಟ್ಟಿ ಹೇಳಲೇಬೇಕು. ಷೇರುಪೇಟೆಯ ಮೇಲೆ ಕಣ್ಣಿಡುವ ಸೆಬಿ ಬಿಡುವುದಿಲ್ಲ. ಲಕ್ಷಗಟ್ಟಲೆಯ ಡಿಗ್ರಿ ಮಾರುವವರಿಗೆ ಆ ಕಾಟ ಇಲ್ಲ ನೋಡಿ.

ಇನ್ನು ಡಿಗ್ರಿಗೆ ಎಷ್ಟು ವರ್ಷ ಅನ್ನುವ ಲೆಕ್ಕ. ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದು, ದೇಶದಲ್ಲೇ ನಾವು ಮೊದಲು ಅಂತ ಬೆನ್ನು ತಟ್ಟಿಕೊಂಡು ನಾಲ್ಕು ವರ್ಷದ ಆನರ್ಸ್ ಶುರು ಮಾಡಿದರು. ಸರ್ಕಾರ ಬದಲಾಯಿತು. 2024ರಲ್ಲಿ ಮತ್ತೆ ಮೂರು ವರ್ಷ. ಒಂದೇ ಮನೆಯಲ್ಲಿ ಅಣ್ಣನಿಗೊಂದು ಸಿಲಬಸ್, ತಂಗಿಗೊಂದು ಸಿಲಬಸ್. ಐದು ವರ್ಷದ ಸರ್ಕಾರ ಇರುವ ರಾಜ್ಯದಲ್ಲಿ ಐದು ವರ್ಷದ ಇಂಟಿಗ್ರೇಟೆಡ್ ಕೋರ್ಸಿಗೆ ಸೇರುವವರ ಧೈರ್ಯ ದೊಡ್ಡದು.

ಅಷ್ಟಕ್ಕೂ ಹಣಕಾಸಿನ ಲೋಕದಲ್ಲಿ ಮೇಲೆ ಬಂದವರು ಏನು ಓದಿದ್ದರು? ಜೇಬಿನಲ್ಲಿರುವ ನೋಟು ತೆಗೆದು ಗವರ್ನರ್ ಸಹಿ ನೋಡಿ. ಶಕ್ತಿಕಾಂತ ದಾಸ್ ಅಂತಿದ್ದರೆ ಅವರದು ಇತಿಹಾಸದಲ್ಲಿ ಎಂ.ಎ. ಆರು ವರ್ಷ ರಿಸರ್ವ್ ಬ್ಯಾಂಕ್ ನಡೆಸಿದರು. ಅವರ ನಂತರ ಬಂದ ಸಂಜಯ್ ಮಲ್ಹೋತ್ರಾ ಕಾನ್ಪುರ ಐ.ಐ.ಟಿ.ಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು. ರಘುರಾಮ್ ರಾಜನ್ ಮೊದಲು ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್.

ನಮ್ಮ ಕರಾವಳಿಗೆ ಬನ್ನಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟುಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು ವ್ಯಾಪಾರಿ. 1925ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಮೂವರಲ್ಲಿ ಟಿ.ಎಂ.ಎ. ಪೈ ಡಾಕ್ಟರು, ವಾಮನ ಕುಡ್ವ ಇಂಜಿನಿಯರು, ಉಪೇಂದ್ರ ಪೈ ವ್ಯಾಪಾರಿ. 1928ರಲ್ಲಿ ಮನೆ ಮನೆಗೆ ಹೋಗಿ ಎರಡಾಣೆ ಎರಡಾಣೆ ಸೇರಿಸುವ ಪಿಗ್ಮಿ ಠೇವಣಿ ತಂದವರು ಇವರೇ. ಇವತ್ತು ಯಾವುದೋ ಆ್ಯಪ್ ಇದನ್ನೇ ಮಾಡಿ ಮೈಕ್ರೋ ಸೇವಿಂಗ್ಸ್ ಅನ್ನುತ್ತದೆ. ಮೈಸೂರು ಬ್ಯಾಂಕಿನ ಹಿಂದೆ ನಿಂತವರು ವಿಶ್ವೇಶ್ವರಯ್ಯ. ಅವರ ವಿಷಯ ನೀರು, ಕಟ್ಟೆ.

ವಕೀಲರೂ ಡಾಕ್ಟರೂ ಕಟ್ಟಿದ ಈ ಬ್ಯಾಂಕುಗಳನ್ನು ಆಮೇಲೆ ಫೈನಾನ್ಸ್ ಬಲ್ಲವರು ಕೂತು ನೋಡಿದರು. 2017ರಿಂದ 2020ರೊಳಗೆ ಮೈಸೂರು ಬ್ಯಾಂಕ್, ಕರಾವಳಿಯದೇ ಆದ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್, ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಎಲ್ಲವೂ ಏಪ್ರಿಲ್ ಒಂದರಂದೇ. ಹೊಸ ಆರ್ಥಿಕ ವರ್ಷ ಅಂದರೆ ಆ ದಿನ ಅನಿವಾರ್ಯ, ಸರಿ.

ಇದನ್ನೆಲ್ಲ ಕೇಳಿದ ಒಬ್ಬ ಚಿಕ್ಕಪ್ಪ ಪ್ರತಿ ಕುಟುಂಬದಲ್ಲೂ ಎದ್ದು ಕೂರುತ್ತಾನೆ. "ನೋಡು ಮರಿ, ಫೈನಾನ್ಸ್ ಬೇಕು ಅಂದ್ರೆ ಮೊದ್ಲು ಇಂಜಿನಿಯರಿಂಗ್ ಮಾಡು. ಆಮೇಲೆ ಎಂ.ಬಿ.ಎ. ಅದೇ ಸೇಫು." ನಾಲ್ಕು ವರ್ಷ ಥರ್ಮೋಡೈನಮಿಕ್ಸ್ ಅರೆದು ಕುಡಿದು, ಒಂದು ಬ್ಯಾಕ್‌ಲಾಗ್ ಕಳೆದುಕೊಂಡು, ಕೊನೆಗೆ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಯಾರೋ ಅಮೆರಿಕದವನ ಲೆಕ್ಕಕ್ಕೆ ಎಕ್ಸೆಲ್ಲಿನಲ್ಲಿ ವಿ-ಲುಕಪ್ ಫಾರ್ಮುಲಾ ಹಾಕುವುದು. ಆ ಎಕ್ಸೆಲ್ ಮಾತ್ರ ಯಾವ ಡಿಗ್ರಿಯಲ್ಲೂ ಸರಿಯಾಗಿ ಕಲಿಸಲಿಲ್ಲ. ಯೂಟ್ಯೂಬಿನಲ್ಲಿ ಫ್ರೀಯಾಗಿ ಸಿಕ್ಕಿತು.

ಸರ್ಕಾರಿ ಬ್ಯಾಂಕಿನ ಆಫೀಸರ್ ಹುದ್ದೆಗೆ ಐ.ಬಿ.ಪಿ.ಎಸ್. ಪರೀಕ್ಷೆ ಇದೆ. ಅಲ್ಲಿ ಯಾವ ಡಿಗ್ರಿಯಾದರೂ ನಡೆಯುತ್ತದೆ. ಪ್ರಿಲಿಮ್ಸಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ಕೇಳುವುದಿಲ್ಲ. ಎಂಟು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಮೂವರು ಹೊರಗೆ ಮುಖ ಮಾಡಿದ್ದಾರೆ, ಎ ಎಡಕ್ಕೆ ಎರಡನೆಯವನು ಸಿ ಅಲ್ಲ, ಹಾಗಾದರೆ ಬಿ ಹೆಂಡತಿ ಎಲ್ಲಿ? ಬಿ.ಕಾಂ. ವಿಥ್ ಫಿನ್‌ಟೆಕ್ ಹುಡುಗ ಇಲ್ಲೇ ಮಗುಚಿ ಬೀಳುತ್ತಾನೆ. ಮೆಕ್ಯಾನಿಕಲ್‌ನವನು ಪಾಸು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಅಗ್ರಿಯವನಂತೂ ಸಲೀಸಾಗಿ ಪಾಸು.

ಇಷ್ಟಾಗಿಯೂ ಅಪ್ಪ ಮಗಳಿಗೆ ಸೀಟು ಹಿಡಿದು, ಅಡ್ಮಿಷನ್ ಲೆಟರ್ ತಗೊಂಡು ಊರಿನ ಬ್ಯಾಂಕಿಗೆ ಬರುತ್ತಾನೆ. ಏಳೂವರೆ ಲಕ್ಷದ ತನಕ ಅಡಮಾನ ಇಲ್ಲದೆ ಶಿಕ್ಷಣ ಸಾಲ ಕೊಡುತ್ತಾರಂತೆ. ಆಫೀಸರ್ ಹೋದ ವರ್ಷ ತಾನೇ ಸೇರಿದ ಹುಡುಗ, ಅದೇ ಅಗ್ರಿಯವನು. ಕೋರ್ಸಿನ ಹೆಸರು ಫಾರಂನ ಖಾನೆಯಲ್ಲಿ ಹಿಡಿಸದೆ ಎರಡು ಸಲ ಹೊಡೆದು ಹಾಕಿ ಬರೆಯುತ್ತಾನೆ.

"ಇದನ್ನ ಓದಿದ್ರೆ ಮುಂದೆ ಏನು ಕೆಲಸ ಸಿಗುತ್ತೆ ಯಜಮಾನ್ರೇ? ಸಾಲ ತೀರ್ಸೋದು ಹೇಗೆ ಅಂತ ಬರೀಬೇಕು."

"ಬ್ಯಾಂಕಲ್ಲಿ ಸರ್. ನಿಮ್ ಥರಾನೇ."

ಆಫೀಸರ್ ಒಂದು ಕ್ಷಣ ತಲೆ ಎತ್ತಿ ನೋಡಿ, ಗ್ಯಾರಂಟಿಗೆ ಅಪ್ಪನ ಸಹಿ ಎಲ್ಲಿ ಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ.